ಕಣ್ಣಿರುವ ಹೋಳು

ನಲವತ್ತು ಪತ್ರಗಳೂ ಒಂದೇ ಅಚ್ಚಿನವು.
"ಮಾನ್ಯರೇ, ತಮ್ಮ ಪ್ರಯೋಗಾಲಯದ ಅಮೂಲ್ಯ ಕೆಲಸದಿಂದ
ಅತ್ಯಂತ ಪ್ರಭಾವಿತಳಾಗಿ…"
ಹೆಸರು ಮಾತ್ರ ಬದಲು. ಅದೂ ಒಮ್ಮೊಮ್ಮೆ ಇಲ್ಲ:
ಕಾನ್ಪುರದ ಮುಖರ್ಜಿಯವರಿಗೆ ಬರೆದದ್ದು
ಹಾಗೇ ತ್ರಿಶೂರಿನ ನಾಯರ್ ಅವರಿಗೆ ಹೋಯಿತು,
ಗೌರವಾನ್ವಿತ ಮುಖರ್ಜಿಯವರೇ ಎಂದು.
ಕಳಿಸಿದ ಮೇಲೆ ಕಂಡಿತು,
ಬಸ್ಸು ಹೊರಟ ಮೇಲೆ
ಚಪ್ಪಲಿ ಬಿಟ್ಟುಬಂದದ್ದು ನೆನಪಾದ ಹಾಗೆ.

ಬಂದ ಉತ್ತರ ಎರಡು.
ಒಂದು, "ಜೂನ್ ಐದರವರೆಗೆ ರಜೆಯಲ್ಲಿದ್ದೇನೆ."
ಅದು ಬಂದದ್ದು ಡಿಸೆಂಬರಿನಲ್ಲಿ.
ಇನ್ನೊಂದು, "ನಿಮ್ಮ ಭವಿಷ್ಯಕ್ಕೆ ಶುಭವಾಗಲಿ."
ಇಷ್ಟು ಮೆತ್ತಗೆ ಕದ ಮುಚ್ಚುವುದನ್ನು
ನಾನು ಕಂಡಿರಲಿಲ್ಲ.
ಉಳಿದವು?
ಬಾವಿಗೆ ಕಲ್ಲು ಹಾಕಿದರೂ
ಡುಬುಕ್ ಅನ್ನುತ್ತದೆ.

ಸಂತೆಪೇಟೆಯ ಜೆರಾಕ್ಸ್ ಅಂಗಡಿಯ ಇಲಿಯಾಸಣ್ಣ
ಕಂಪ್ಯೂಟರಿಗೆ ಗಂಟೆಗೆ ಇಪ್ಪತ್ತು ಹಿಡಿಯುತ್ತಾನೆ, ನನಗೆ ಹದಿನೈದು.
"ಸೈಂಟಿಸ್ಟ್ ಆದ್ಮೇಲೆ ಬಾಕಿ ಕೊಡುವಂತೆ" ಅನ್ನುತ್ತಾನೆ.
ಲೆಕ್ಕ ಮಾತ್ರ ಬರೆದಿಡುತ್ತಾನೆ.

ಮೇ ತಿಂಗಳು. ಯಾರ್ಡಿಗೆ ಜಲಂಧರಿನ ಲಾರಿ ಬಂದು
ಊರೆಲ್ಲ ಆಲೂಗೆಡ್ಡೆಯ ಮಣ್ಣಿನ ವಾಸನೆ.
ಶಾಂತಿಗ್ರಾಮದ ಕಡೆ ಶೆಟ್ಟರ ಹೊಲದಲ್ಲಿ
ಅವ್ವ ಕೂಲಿಗೆ ಬಿತ್ತನೆ ಗೆಡ್ಡೆ ಕುಯ್ಯುತ್ತಾಳೆ.
ಬುತ್ತಿ ಕೊಡಲು ಹೋದವಳು ಕತ್ತಿ ಹಿಡಿದು ಕೂತೆ.
ಒಂದೇ ಅಳತೆ, ಒಂದೇ ತೂಕ,
ಎಂಎಸ್ಸಿ ಓದಿದವಳ ಕೈ.
ಅವ್ವ ಒಂದು ಹೋಳೆತ್ತಿ ತಿರುಗಿಸಿದಳು.
"ಇದ್ರ ಕಣ್ಣೆಲ್ಲಿ?"
"ಎಲ್ಲಾ ಸಮ ಕುಯ್ದಿದೀನಲ್ಲವ್ವ."
"ಸಮ ತಗಂಡ್ ಏನ್ ಮಾಡ್ತೀಯೆ?
ಕಣ್ಣಿಲ್ದಿದ್ದು ಮಣ್ಣಿಗೋದ್ರೆ ಕೊಳೀತದೆ ಅಷ್ಟೆ."
ನನ್ನ ಹೋಳುಗಳಲ್ಲಿ ಅರ್ಧಕ್ಕರ್ಧ
ಸಾರಿಗೆ ಹೋದವು.

ಆಮೇಲೆ ಎರಡು ತಿಂಗಳು
ಯಾರಿಗೂ ಏನೂ ಬರೆಯಲಿಲ್ಲ.

ಜುಲೈ. ವಾರವಿಡೀ ಸೋನೆ.
ಶೆಟ್ಟರ ಹೊಲಕ್ಕೆ ಅಂಗಮಾರಿ ಬಿತ್ತು,
ಬಿಸಿನೀರು ಎರಚಿದ ಹಾಗೆ ಎಲೆ ಬಾಡಿ ಕಪ್ಪಾಯಿತು.
ತೆವರಿಗಂಟಿದ ಮೂರು ಸಾಲು ಮಾತ್ರ ಹಸಿರು.
ಅದೇ ಬಿತ್ತನೆ, ಅದೇ ಔಷಧಿ, ಅದೇ ಮೋಡ.
ಯಾಕೆ?
ಶೆಟ್ಟರು ದೇವರ ಕಡೆ ಕೈ ತೋರಿದರು.
ನಾನು ಫೋನು ತೆಗೆದೆ. ನಾಲ್ಕು ಫೋಟೋ.

ನಲವತ್ತೊಂದನೆಯದು ಏಳೇ ಸಾಲು.
ಶಿಲ್ಲಾಂಗಿನ ಡಾ. ಎಲ್. ಇಬೆಮ್ಚಾ ಅವರಿಗೆ.
ನಿಮ್ಮ ಪ್ರಬಂಧದ ನಾಲ್ಕನೇ ಚಿತ್ರದ ಎಲೆಗೂ
ನಮ್ಮೂರಿನ ಈ ಎಲೆಗೂ ಹೋಲಿಕೆಯಿಲ್ಲ,
ಯಾಕೋ ನನಗೆ ಗೊತ್ತಿಲ್ಲ ಸರ್,
ನಿಮ್ಮಲ್ಲಿ ಕಲಿಯುವುದಕ್ಕೆ ಜಾಗವಿದೆಯೇ?
ಪ್ರಭಾವಿತಳಾಗಿ ಅಂತ ಬರೆಯಲು
ಜಾಗ ಸಾಲಲಿಲ್ಲ.

ಒಂಬತ್ತನೇ ದಿನ ಉತ್ತರ.
"ನಾನು ಸರ್ ಅಲ್ಲ.
ಮೂರನೇ ಫೋಟೋ ಎಷ್ಟು ಹೊತ್ತಿಗೆ ತೆಗೆದದ್ದು?
ಎಲೆಯಡಿಯ ಬಿಳಿ ಬಿಸಿಲೇರಿದ ಮೇಲೂ ಇರುತ್ತದೆಯೆ?
ಹಸಿರು ಸಾಲುಗಳಲ್ಲೂ ಮಗುಚಿ ನೋಡಿದೆಯಾ?"
ಅಷ್ಟೆ.
ಸೀಟಿಲ್ಲ, ಸ್ಟೈಪೆಂಡಿಲ್ಲ, ಶುಭವಾಗಲಿಯೂ ಇಲ್ಲ.
ಮೂರು ಪ್ರಶ್ನೆ.
ಯಾರೋ ನನ್ನನ್ನು ಮೊದಲ ಬಾರಿ
ಕೂತುಕೋ ಅನ್ನದೆ
ಬಾ ಇಲ್ಲಿ ಅಂದ ಹಾಗಿತ್ತು.

"ಕೆಲ್ಸ ಸಿಕ್ತಾ?" ಇಲಿಯಾಸಣ್ಣ ಕೇಳಿದ, ಮುಖ ನೋಡಿ.
"ಹೂಂ."
"ಎಲ್ಲಿ?"
"ಶೆಟ್ಟರ ಹೊಲದಲ್ಲಿ."
ಅವನು ಲೆಕ್ಕದ ಪುಸ್ತಕ ಮುಚ್ಚಿದ.

ಇನ್ನೂ ಕತ್ತಲು. ಮೊದಲ ಬಸ್ಸಿಗೂ ಮುಂಚೆ
ಪಕ್ಕದ ಮನೆಯವರ ಎಕ್ಸೆಲ್ಲಿನಲ್ಲಿ ನಾನು, ಹಿಂದೆ ಅವ್ವ.
ತೆವರಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು
ಅವ್ವ ಟಾರ್ಚು ಹಿಡಿದಳು. ಕೈ ಅಲುಗಲಿಲ್ಲ.
ನಾನು ಎಲೆ ಮಗುಚಿದೆ.
"ಕಾಣ್ತೇನೆ?"
"ಮೊದ್ಲು ಹೊತ್ತು ಹೇಳವ್ವ."
ಉಳಿದುಹೋಗಿದ್ದ ಬಯೋಡೇಟಾದ ಬೆನ್ನಿಗೆ,
ಒದ್ದೆ ಪೆನ್ನಿನಲ್ಲಿ, ಎರಡು ಸಲ ಗೀಚಿ ಬರಿಸಿ,
ಬರೆದೆ:
ಐದು ಗಂಟೆ ಹತ್ತು ನಿಮಿಷ.
ಹಸಿರು ಸಾಲು ಒಂದು, ಗಿಡ ಒಂದು.
ಬಿಳಿ ಇದೆ.